ಮೂವತ್ತೊಂದನೇ ತಾರೀಖಿನ ಬಾಗಿಲುಗಳು

ಡೆ ಮೊಯಿನ್, ಅಯೋವಾ
20 ಸೆಪ್ಟೆಂಬರ್ 1990

ರೆನೇ,

ಹೋಗುವ ಮುಂಚೆ ನೀನು ಫ್ರಿಜ್ ಬಾಗಿಲಿಗೆ ಅಂಟಿಸಿದ ಮೂರು ಪುಟದ ಸೂಚನೆಗಳನ್ನು ಓದಿ ಮುಗಿಸಿದೆ. ಒಟ್ಟು ನಲವತ್ತೊಂದು. ಅದರಲ್ಲಿ ಇಪ್ಪತ್ತಾರನೆಯದೂ ಮೂವತ್ತೆಂಟನೆಯದೂ ಒಂದೇ: ಲೈಲ್‌ಗೆ ಬಟಾಣಿ ಕೊಡಬೇಡಿ. ಕೊಟ್ಟೆ. ತಿಂದ. ಇನ್ನೂ ಬೇಕು ಎಂದು ಚಮಚ ಕಚ್ಚಿ ಹಿಡಿದ. ಮಾಡಿದ್ದನ್ನು ಮುಚ್ಚಿಡುವ ಹೆಂಗಸು ನಾನಲ್ಲ.

ನಿನ್ನ ಗಂಡ ಕರ್ಟಿಸ್‌ಗೆ ಟಯರ್ ಕಾರ್ಖಾನೆಯಲ್ಲಿ ಮಧ್ಯಾಹ್ನ ಮೂರರಿಂದ ಹನ್ನೊಂದರ ಪಾಳಿ. ಬೆಳಿಗ್ಗೆ ಅವಳಿ ಮಕ್ಕಳು ಅವನ ಹೊಟ್ಟೆಯ ಮೇಲೆ, ಮಧ್ಯಾಹ್ನದಿಂದ ಈ ಅಜ್ಜಿಯ ಅಂಗಡಿಯಲ್ಲಿ. ರಿಪೇರಿಗೆ ಬಂದ ವ್ಯಾಕ್ಯೂಮ್ ಕ್ಲೀನರ್‌ಗಳ ನಡುವೆ ಒಂದು ಕಟಕಟೆ ಮಾಡಿ ಇಬ್ಬರನ್ನೂ ಕೂರಿಸಿದ್ದೇನೆ. ನೋಲಾ ಗಿರಾಕಿಗಳನ್ನು ಅಳೆಯುತ್ತಾಳೆ. ಯಾರು ಕೊಳ್ಳುತ್ತಾರೆ, ಯಾರು ಸುಮ್ಮನೆ ಮಾತಾಡಿ ಹೋಗುತ್ತಾರೆ ಎಂದು ಏಳು ತಿಂಗಳಿಗೇ ಅವಳಿಗೆ ತಿಳಿಯುತ್ತದೆ. ಲೈಲ್‌ಗೆ ನಿಂತು ತಳ್ಳುವ ಹಳೆಯ ಮಷೀನಿನ ಮೋಟಾರು ಗುಂಯ್ ಎಂದರೆ ನಿದ್ದೆ. ಜೋಗುಳ ಹಾಡುವ ಕೆಲಸ ನನಗೆ ತಪ್ಪಿತು.

ಹಾಡು ಎಂದಾಗ ನೆನಪಾಯಿತು. ಮರಳುಗಾಡಿಗೆ ವಿಮಾನ ಹತ್ತುವ ಮುಂಚೆ ಸೇನಾ ಶಿಬಿರದಿಂದ ಕಳಿಸಿದ ನಿನ್ನ ಹಾಡಿನ ಕ್ಯಾಸೆಟ್ ಬಂತು. ಕೇಳಿಸಿದೆ. ಇಬ್ಬರೂ ಬಹಳ ಗಮನ ಕೊಟ್ಟರು. ಎಷ್ಟೆಂದರೆ ಪಕ್ಕದ ಮನೆಯ ಆರ್ಡ್‌ವೇ ಬೇಲಿಯ ತನಕ ಬಂದು ಏನು ಸಮಾಚಾರ ಎಂದು ವಿಚಾರಿಸಿದರು.

ನೀರು ಕುಡಿ. ಅಲ್ಲಿ ಬಿಸಿಲಂತೆ.

ವರ್ಲಾ ಟಾಲೆಫ್ಸನ್

*

ಮರಳುಗಾಡು
3 ಅಕ್ಟೋಬರ್ 1990

ಮಾನ್ಯ ವರ್ಲಾ ಅವರಿಗೆ,

ನಿಮ್ಮ ಪತ್ರ ನಿನ್ನೆ ತಲುಪಿತು. ಬಟಾಣಿಯ ವಿಷಯ ಓದಿ ಒಂದು ಗಂಟೆ ಸಿಟ್ಟಿನಲ್ಲಿದ್ದೆ. ಆಮೇಲೆ, ಅವನು ಚಮಚ ಕಚ್ಚಿ ಹಿಡಿದ ಸಾಲನ್ನು ಮತ್ತೆ ಮತ್ತೆ ಓದಿದೆ.

ನನ್ನ ಬಗ್ಗೆ ಚಿಂತೆ ಬೇಡ. ನಾನು ಓಡಿಸುವುದು ನೀರಿನ ಲಾರಿ. ಎಲ್ಲರಿಗಿಂತ ಹಿಂದೆ, ಎಲ್ಲರಿಗಿಂತ ನಿಧಾನ. ಇಲ್ಲಿ ದೊಡ್ಡ ಶತ್ರು ನೊಣ.

ಹಾಡನ್ನು ಗಮನವಿಟ್ಟು ಕೇಳಿದರು ಎಂದು ಬರೆದಿದ್ದೀರಿ. ಆ ಒಂದು ಸಾಲಿಗೆ ನಿಮಗೆ ನಾನು ಋಣಿ. ನನ್ನ ಡೇರೆಯಲ್ಲಿ ಇನ್ನೊಬ್ಬಳಿದ್ದಾಳೆ, ತಮಾರಾ. ಅವಳ ಮಗ ಫೋನಿನಲ್ಲಿ ಅವಳ ದನಿ ಕೇಳಿ ಆಟಕ್ಕೆ ಎದ್ದು ಹೋದನಂತೆ. ನಾನು ಬರುವಷ್ಟರಲ್ಲಿ ನಮ್ಮವರು ನಡೆಯುತ್ತಿರುತ್ತಾರೆ. ನಡೆದುಕೊಂಡು ನನ್ನಿಂದ ದೂರ ಹೋಗಬಾರದು, ಅಷ್ಟೇ ನನ್ನ ಭಯ.

ಒಂದು ಕೋರಿಕೆ. ಹ್ಯಾಲೋವೀನ್ ಬರುತ್ತಿದೆ. ಮೂವತ್ತೊಂದನೇ ತಾರೀಖು ಸಂಜೆ ಇಬ್ಬರನ್ನೂ ವೇಷ ಹಾಕಿ ನಮ್ಮ ಬೀದಿಯಲ್ಲಿ ಮನೆಮನೆಗೆ ಕರೆದುಕೊಂಡು ಹೋಗುತ್ತೀರಾ? ಹಲ್ಲಿಲ್ಲದವರಿಗೆ ಮಿಠಾಯಿ ಯಾಕೆ ಎನ್ನುತ್ತೀರಿ, ಗೊತ್ತು. ನೆಬ್ರಾಸ್ಕಾದಲ್ಲಿ ನನ್ನಪ್ಪ ನನ್ನನ್ನು ಆರು ತಿಂಗಳಿಗೇ ದನದ ಮೇವಿನ ಬಕೆಟ್ಟಿನಲ್ಲಿ ಕೂರಿಸಿ, ತಲೆಗೆ ಜೋಳದ ಸಿಪ್ಪೆ ಕಟ್ಟಿ, ಹನ್ನೊಂದು ಮನೆಗೆ ಹೊತ್ತುಕೊಂಡು ಹೋಗಿದ್ದರು. ಆವತ್ತಿನಿಂದ ಆ ಹನ್ನೊಂದು ಮನೆಗೂ ನಾನು ಯಾರೆಂದು ಗೊತ್ತಾಯಿತು. ನಿಮ್ಮ ಬೀದಿಗೆ ನಾನು ಬಂದು ವರ್ಷವೂ ಆಗಲಿಲ್ಲ, ಬಂದಾಗಲೇ ಬಸುರಿ, ಬಾಣಂತಿ, ಆಮೇಲೆ ಸಿಪಾಯಿ. ಈ ಇಬ್ಬರು ಯಾರ ಮಕ್ಕಳು ಅಂತ ಬೀದಿಗೆ ಗೊತ್ತಾಗಲಿ.

ರೆನೇ

*

ಮರಳುಗಾಡು
15 ಅಕ್ಟೋಬರ್ 1990

ಮಾನ್ಯ ವರ್ಲಾ ಅವರಿಗೆ,

ನಿಮ್ಮ ಉತ್ತರ ಇನ್ನೂ ಬಂದಿಲ್ಲ. ನೀವು ಒಪ್ಪಿದ್ದೀರಿ ಅಂತಲೇ ಅಂದುಕೊಂಡು ಇದನ್ನು ಕಳಿಸುತ್ತಿದ್ದೇನೆ.

ನಿಮ್ಮ ಊರಲ್ಲಿ ಜೋಕ್ ಹೇಳದೆ ಮಿಠಾಯಿ ಕೊಡುವುದಿಲ್ಲ ಎಂದು ಕರ್ಟಿಸ್ ಹೇಳಿದ್ದ. ನಮ್ಮ ಕಡೆ ಇಲ್ಲದ ಪದ್ಧತಿ. ನಮ್ಮವರಿಗೆ ಮಾತು ಬರುವುದಿಲ್ಲವಲ್ಲ, ಅವರ ಬದಲು ನಾನು ಹೇಳಿ ಕ್ಯಾಸೆಟ್‌ನಲ್ಲಿ ತುಂಬಿಸಿದ್ದೇನೆ. ಬಾಗಿಲು ತೆರೆದ ಮೇಲೆ ಗುಂಡಿ ಒತ್ತಿ. ಪ್ರಶ್ನೆ ಆದಮೇಲೆ ಮನೆಯವರು "ಯಾಕೆ?" ಅನ್ನುವುದಕ್ಕೆ ಸ್ವಲ್ಪ ಜಾಗ ಬಿಟ್ಟಿದ್ದೇನೆ. ಎರಡನೇ ಸಲ ತುಂಬಿಸಲು ಬ್ಯಾಟರಿ ಇರಲಿಲ್ಲ. ಹಿನ್ನೆಲೆಯಲ್ಲಿ ಗದ್ದಲವಿದ್ದರೆ ಕ್ಷಮಿಸಿ.

ಮೂವತ್ತೊಂದರ ಸಂಜೆ ನಿಮಗೆ ಆರು ಗಂಟೆಯಾದಾಗ ನನಗೆ ಬೆಳಗಿನ ಜಾವ ಮೂರು. ಎದ್ದು ಕೂತಿರುತ್ತೇನೆ. ತಮಾರಾ ಮತ್ತು ಇನ್ನಿಬ್ಬರು ಜೊತೆ ಕೂರುತ್ತೇವೆ ಎಂದಿದ್ದಾರೆ. ನೀವು ಅಲ್ಲಿ ಒಂದೊಂದು ಬಾಗಿಲಿಗೆ ಹೋದ ಹಾಗೆ ನಾನು ಇಲ್ಲಿ ಎಣಿಸುತ್ತಿರುತ್ತೇನೆ.

ರೆನೇ

*

ಡೆ ಮೊಯಿನ್
17 ಅಕ್ಟೋಬರ್ 1990

ರೆನೇ,

ನಿನ್ನ ಮೂರನೇ ತಾರೀಖಿನ ಪತ್ರ ಇವತ್ತು ಬಂತು. ಉತ್ತರ: ಆಗುವುದಿಲ್ಲ.

ಕಾರಣ ಹೇಳದೆ ಬೇಡ ಎನ್ನುವ ಗಿರಾಕಿಯನ್ನು ನಾನು ಎಂದೂ ನಂಬಿದವಳಲ್ಲ, ಆದ್ದರಿಂದ ನನ್ನ ಕಾರಣ ಕೇಳು. ಮೊದಲನೆಯದಾಗಿ ನೀನು ತಾರೀಖೇ ತಪ್ಪು ಬರೆದಿದ್ದೀಯ. ಲೋಕಕ್ಕೆಲ್ಲ ಮೂವತ್ತೊಂದಾದರೆ ಈ ಊರಿಗೆ ಮೂವತ್ತು. ನಾವು ಅದನ್ನು ಬೇಡುವ ರಾತ್ರಿ ಎನ್ನುತ್ತೇವೆ. ಆರಕ್ಕೆ ಶುರು, ಎಂಟಕ್ಕೆ ಮುಗಿಯಿತು. ಜಗಲಿಯ ದೀಪ ಹತ್ತಿದ ಮನೆಗೆ ಮಾತ್ರ ಹೋಗಬೇಕು. ಮಾರನೇ ದಿನ ಬಾಗಿಲು ತಟ್ಟಿದವರನ್ನು ಪರದೆ ಸರಿಸಿ ನೋಡಿ, ಪರದೆ ಮುಚ್ಚುತ್ತಾರೆ. ಇನ್ನು ಹಲ್ಲು. ಇಬ್ಬರಿಗೂ ಸೇರಿ ಐದು. ಚೀಲ ಮಕ್ಕಳದು, ಬಾಯಿ ದೊಡ್ಡವರದು. ಇಂಥ ವ್ಯಾಪಾರವನ್ನು ನಾನು ನೋಡದವಳೇನಲ್ಲ. ಅದಕ್ಕೆ ಒಳ್ಳೆಯ ಹೆಸರಿಲ್ಲ.

ನಿಜವಾದ ಕಾರಣ ಇದು. ಹತ್ತೊಂಬತ್ತು ವರ್ಷ ನಾನು ಮನೆಮನೆಗೆ ಹೋಗಿ ಮಷೀನ್ ಮಾರಿದೆ. ಕರ್ಟಿಸ್ ಆರು ವರ್ಷದವನು, ಕಾರಿನ ಹಿಂದಿನ ಸೀಟಿನಲ್ಲಿ ಕೂತು ಮಗ್ಗಿ ಬರೆಯುತ್ತಿದ್ದ. ಬಾಗಿಲು ತಟ್ಟಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿಯಬೇಕು, ಒಳಗಿನವರಿಗೆ ಹೆದರಿಕೆಯಾಗಬಾರದು. ಅವರು ಬಾಗಿಲು ಹಾಕಿದರೂ ಮುಖದ ನಗು ಇಳಿಯಬಾರದು, ಕಿಟಕಿಯಿಂದ ನೋಡುತ್ತಿರುತ್ತಾರೆ. ಅಂಗಡಿ ತೆರೆದ ದಿನ ನನಗೆ ನಾನೇ ಹೇಳಿಕೊಂಡೆ: ವರ್ಲಾ, ಇನ್ನು ನೀನು ಯಾರ ಮೆಟ್ಟಿಲ ಮೇಲೂ ಕೊಡಿ ಎಂದು ನಿಲ್ಲಬೇಕಾಗಿಲ್ಲ. ಹದಿನಾಲ್ಕು ವರ್ಷ ನಿಂತಿಲ್ಲ.

ಇವರು ಯಾರ ಮಕ್ಕಳು ಅಂತ ಬೀದಿಗೆ ಗೊತ್ತಾಗಲಿ ಎಂದು ಬರೆದಿದ್ದೀಯ. ಗೊತ್ತಿದೆ. ನನ್ನ ಮೊಮ್ಮಕ್ಕಳು ಎಂದು ಎಲ್ಲರಿಗೂ ಗೊತ್ತು. ಇವರನ್ನು ನಾನು ಬಚ್ಚಿಟ್ಟಿದ್ದೇನೆ ಅಂತ ನಿನಗೆ ಅನುಮಾನವಿದ್ದರೆ ಬಿಡಿಸಿ ಬರೆ.

ವರ್ಲಾ

*

ಡೆ ಮೊಯಿನ್
30 ಅಕ್ಟೋಬರ್ 1990

ರೆನೇ,

ಬೇಡುವ ರಾತ್ರಿ ಮುಗಿಯಿತು. ನಾನು ಕುರ್ಚಿ ಹಾಕಿಕೊಂಡು ಒಳಬಾಗಿಲಲ್ಲೇ ಕೂತೆ. ಪ್ರತಿ ವರ್ಷದ ಹಾಗೆ ಗೀಟು ಎಳೆದು ಎಣಿಸಿದೆ: ನೂರ ಇಪ್ಪತ್ತನಾಲ್ಕು ಮಕ್ಕಳು. ಮೂವತ್ತಾರು ಮಂದಿ ಒಂದೇ ಅಸ್ಥಿಪಂಜರದ ಜೋಕ್ ಹೇಳಿದರು. ಮೂವತ್ತಾರು ಸಲವೂ ನಕ್ಕೆ.

ಏಳೂವರೆಗೆ ಮೂಲೆ ಮನೆಗೆ ಹೊಸದಾಗಿ ಬಂದ ಗಂಡ ಹೆಂಡತಿ ಒಂದು ಕೂಸನ್ನು ಎತ್ತಿಕೊಂಡು ಬಂದರು. ತಲೆಗೆ ಕುಂಬಳಕಾಯಿಯ ಟೋಪಿ. ಆರು ವಾರವೂ ಆಗಿರಲಿಕ್ಕಿಲ್ಲ. ಜೋಕ್ ಹೇಳುವಾಗ ಅಪ್ಪನಿಗೇ ಉಗ್ಗು ಬಂತು. ಕೂಸು ನಿದ್ದೆಯಲ್ಲಿತ್ತು. ಅವರಿಗೆ ಬೇಕಾದದ್ದು ಮಿಠಾಯಿಯಲ್ಲ ಎಂದು ನನಗೆ ಗೊತ್ತಾಯಿತು. ಟೋಪಿ ಸರಿಸಿ ಕೂಸಿನ ಮುಖ ತೋರಿಸಿ, ಹೆಸರು ಎರಡು ಸಲ ಹೇಳಿ ಹೋದರು.

ಬಾಗಿಲು ಹಾಕಿ ತಿರುಗಿದರೆ ನಮ್ಮವರಿಬ್ಬರೂ ಮಾಮೂಲಿ ಅಂಗಿಯಲ್ಲಿ ಕೂತು ನನ್ನನ್ನು ನೋಡುತ್ತಿದ್ದರು. ಯಾಕೋ ಕಾಗದದಲ್ಲಿ ಅವರದೂ ಎರಡು ಗೀಟು ಎಳೆದೆ. ಆಮೇಲೆ ಒರೆಸಿದೆ. ಇದನ್ನು ನಾಳೆ ಅಂಚೆಗೆ ಹಾಕುತ್ತೇನೆ.

ವರ್ಲಾ

*

ಡೆ ಮೊಯಿನ್
1 ನವೆಂಬರ್ 1990

ರೆನೇ,

ಮೇಲಿನ ಪತ್ರವನ್ನು ಅಂಚೆಗೆ ಹಾಕಲಿಲ್ಲ. ಇದರ ಜೊತೆಗೇ ಇಟ್ಟಿದ್ದೇನೆ. ಎರಡನ್ನೂ ಓದು.

ನಿನ್ನೆ ಮಧ್ಯಾಹ್ನ, ಅಂದರೆ ಮೂವತ್ತೊಂದನೇ ತಾರೀಖು, ನಿನ್ನ ಹದಿನೈದರ ಪತ್ರವೂ ಕ್ಯಾಸೆಟ್ಟೂ ಬಂದವು. ನಿಂತೇ ಓದಿದೆ. ಹೊಸ ಕ್ಯಾಸೆಟ್ಟನ್ನು ಮಾತ್ರ ಲಕೋಟೆಯೊಳಗೇ ವಾಪಸು ಹಾಕಿದೆ. ಯಾಕೆಂದು ಈಗ ಹೇಳಲೇಬೇಕು.

ಸೆಪ್ಟೆಂಬರ್‌ನಲ್ಲಿ ನಿನ್ನ ಹಾಡು ಕೇಳಿಸಿದೆ ಎಂದೆನಲ್ಲ, ಕೇಳಿಸಿದ್ದು ನಿಜ. ನಾಲ್ಕನೇ ಸಾಲಿಗೆ ಇಬ್ಬರೂ ಅಳುವುದಕ್ಕೆ ಶುರು ಮಾಡಿದರು. ಹಸಿವಿನ ಅಳುವಲ್ಲ, ನಿದ್ದೆಯ ಅಳುವಲ್ಲ. ಆರ್ಡ್‌ವೇ ಬೇಲಿಯ ತನಕ ಬಂದದ್ದು ಎರಡು ಮಕ್ಕಳ ಆ ಅಳುವಿಗೆ. ಕ್ಯಾಸೆಟ್ ತೆಗೆದು ಅಂಗಡಿಯ ಮೇಜಿನ ಕೆಳಗಿನ ಖಾನೆಯಲ್ಲಿಟ್ಟೆ, ಮಷೀನುಗಳ ಹಳೆಯ ಬೆಲ್ಟುಗಳ ಜೊತೆ. ಮತ್ತೆ ಹಾಕಲಿಲ್ಲ. ನೀನು ಅಲ್ಲಿ ಏನೂ ಮಾಡಲಾರೆ, ನಿನಗೆ ಯಾಕೆ ಬರೆಯಲಿ ಎಂದುಕೊಂಡೆ.

ಹೋದೆವು, ಚೆನ್ನಾಗಿತ್ತು ಎಂದು ನಿನ್ನೆಯೂ ನಿನಗೆ ಬರೆದುಬಿಡಬಹುದಿತ್ತು. ಆದರೆ ಒಂದು ಸುಳ್ಳು ಆಗಲೇ ದಾಸ್ತಾನಿನಲ್ಲಿತ್ತು, ಇನ್ನೊಂದಕ್ಕೆ ಜಾಗವಿರಲಿಲ್ಲ. ನೀನು ಮೂರು ಗಂಟೆಗೆ ಎದ್ದು ಕೂರುತ್ತೀ. ಅದನ್ನು ತಪ್ಪಿಸಲು ನನ್ನ ಹತ್ತಿರ ಯಾವ ದಾರಿಯೂ ಇರಲಿಲ್ಲ. ನಾಲ್ಕಕ್ಕೇ ಅಂಗಡಿ ಮುಚ್ಚಿದೆ. ವೇಷಕ್ಕೆ ಏನಿದೆ ಎಂದು ನೋಡಿದೆ. ಮಷೀನಿನ ಹೊಸ ಬಟ್ಟೆಚೀಲ ಎರಡು, ಧೂಳು ಕಾಣದವು. ತಲೆಗೊಂದು, ಕೈಗೆರಡು ತೂತು ಕತ್ತರಿಸಿದೆ. ನಿನ್ನ ಮಕ್ಕಳು ಮೊದಲ ಹ್ಯಾಲೋವೀನ್‌ಗೆ ಧೂಳಿನ ಚೀಲಗಳಾದರು. ನೋಲಾಗೆ ಒಪ್ಪಿತು. ಲೈಲ್ ಅಂಚು ಚೀಪಿದ.

ಆರಕ್ಕೆ ಸರಿಯಾಗಿ ಹೊರಟೆವು. ಜೋಡಿ ತಳ್ಳುಗಾಡಿ, ಗಾಡಿಯ ಹಿಡಿಗೆ ಕಟ್ಟಿದ ಟೇಪ್ ರೆಕಾರ್ಡರ್. ಬೀದಿ ಕತ್ತಲು. ಒಂದೇ ಒಂದು ಜಗಲಿ ದೀಪ ಇಲ್ಲ. ಮೊದಲು ಮಾರ್ಜ್ ಕೆಸೆಲ್ ಮನೆ. 1968ರಲ್ಲಿ ನಾನು ಮಷೀನ್ ಮಾರಿದ ಮನೆ. ತಟ್ಟಿ ಎರಡು ಹೆಜ್ಜೆ ಹಿಂದೆ ಸರಿದೆ. ಕೈಗೆ ಏನೂ ಮರೆತಿಲ್ಲ.

"ಬೇಡುವ ರಾತ್ರಿ ನಿನ್ನೆ ಅಲ್ವೇನೇ ವರ್ಲಾ?" ಎಂದಳು. "ಅಥ್ವಾ ಮತ್ತೆ ಮಷೀನ್ ಮಾರಕ್ಕೆ ಹೊರಟ್ಯಾ? ಹಳೇದೇ ಇನ್ನೂ ಸತ್ತಿಲ್ಲ ಕಣೆ."

ನಾನು ಗುಂಡಿ ಒತ್ತಿದೆ. ನಿನ್ನ ದನಿ ಬಂತು. ನೀನು ತುಂಬಿಸಿದ್ದು ನಿನಗೆ ಗೊತ್ತು, ಆದರೂ ಬರೆಯುತ್ತೇನೆ, ಯಾಕೆಂದರೆ ಆ ಮಾತನ್ನು ಈಗ ನಾನು ನಿನಗಿಂತ ಹೆಚ್ಚು ಸಲ ಕೇಳಿದ್ದೇನೆ.

"ನಮಸ್ಕಾರ. ನಾನು ರೆನೇ, ಇವರಿಬ್ಬರ ಅಮ್ಮ. ಇವಳು ನೋಲಾ, ಇವನು ಲೈಲ್. ಇವರಿಗಿನ್ನೂ ಮಾತು ಬರಲ್ಲ, ಅದಕ್ಕೆ ಜೋಕ್ ನಾನೇ ಹೇಳ್ತೀನಿ. ದೆವ್ವಕ್ಕೆ ಗೋಡೆ ದಾಟಿ ಬರಕ್ಕೆ ಆಗುತ್ತಲ್ಲ, ಆದ್ರೂ ಯಾಕೆ ಬಾಗ್ಲು ತಟ್ಟುತ್ತೆ?"

ಆಮೇಲೆ ನೀನು ಬಿಟ್ಟ ಜಾಗ. ಆ ಜಾಗದಲ್ಲಿ ದೂರದಿಂದ ಒಬ್ಬ ಗಂಡಸು ಕೂಗುತ್ತಾನೆ: "ಮುಖವಾಡ! ಎಲ್ರೂ ಮುಖವಾಡ!" ಏನೋ ಬೀಳುತ್ತದೆ, ಬೂಟುಗಳು ಓಡುತ್ತವೆ. ನೀನು ಒಂದೇ ಉಸಿರಿಗೆ ಮುಗಿಸುತ್ತೀ.

"ಗೋಡೆ ದಾಟಿ ಬಂದೋರಿಗೆ ಯಾರೂ ಮಿಠಾಯಿ ಕೊಡಲ್ಲ, ಅದಕ್ಕೆ."

ಮಾರ್ಜ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹ್ಯಾಲೋವೀನ್‌ಗೆ ಸರಿಯಾಗಿ ಯಾರಿಂದಲೋ ಮುಖವಾಡ ಅಂತ ಕೂಗಿಸಿದ್ದಾಳಲ್ಲ, ನಿನ್ನ ಸೊಸೆ ಜಾಣೆ ಎಂದಳು. ನಾನು ನಗಲಿಲ್ಲ. ನೀರಿನ ಲಾರಿಯವಳಿಗೆ ಮುಖವಾಡ ಯಾಕೆ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಇಬ್ಬರೂ ಅಳುವುದಕ್ಕೆ ಶುರು ಮಾಡಿದರು. ಸೆಪ್ಟೆಂಬರಿನ ಅದೇ ಅಳು. ಮಾರ್ಜ್ ಗಾಬರಿಯಾಗಿ ಒಳಗೆ ಹೋಗಿ ಕೈಗೆ ಸಿಕ್ಕಿದ್ದನ್ನು ತಂದಳು. ಮಿಠಾಯಿ ಎಲ್ಲ ಹಿಂದಿನ ದಿನ ಖಾಲಿ. ಒಂದು ಆಲೂಗಡ್ಡೆ ಕೊಟ್ಟಳು.

ಎರಡನೇ ಮನೆಯಲ್ಲಿ ಪರದೆ ಸರಿಯಿತು, ಮುಚ್ಚಿತು. ಮೂರನೆಯದರಲ್ಲಿ ಅರ್ಧ ಪೊಟ್ಟಣ ಉಪ್ಪು ಬಿಸ್ಕತ್ತು, ಜೊತೆಗೆ ಮಕ್ಕಳನ್ನು ಈ ಚಳಿಯಲ್ಲಿ ಅಳಿಸುತ್ತೀರಲ್ಲ ಎಂಬ ಒಂದು ಮಾತು. ಆ ಮಾತು ನನಗೆ ನಾಟಿತು, ಯಾಕೆಂದರೆ ಅದನ್ನೇ ನನಗೆ ನಾನು ಹೇಳಿಕೊಳ್ಳುತ್ತಿದ್ದೆ. ಗಾಡಿ ತಿರುಗಿಸಿದೆ. ನಾಲ್ಕನೆಯದು ಆರ್ಡ್‌ವೇ ಮನೆ, ವಾಪಸು ಹೋಗುವ ದಾರಿಯಲ್ಲೇ ಇತ್ತು, ಅದಕ್ಕೆ ತಟ್ಟಿದೆ.

ನಿನಗೆ ಆ ಮುದುಕ ಗೊತ್ತಿಲ್ಲ. ರೈಲಿನಲ್ಲಿ ಗಾರ್ಡ್ ಆಗಿದ್ದವರು. ಜೋಕ್ ಮುಂಚೆಯೇ ಕೇಳಿದ್ದಾದರೆ ಇನ್ನೊಂದು ಹೇಳು ಎಂದು ಐದು ವರ್ಷದವರನ್ನೂ ನಿಲ್ಲಿಸುವ ಪೈಕಿ.

"ಇವತ್ತು ಮೂವತ್ತೊಂದು," ಎಂದರು.

"ಗೊತ್ತು."

"ನಿನ್ನೆ ಯಾಕೆ ಬರ್ಲಿಲ್ಲ?"

"ನನ್ನ ಕೊಬ್ಬಿಗೆ. ಇವತ್ತು ಅಂತ ಇವರಮ್ಮ ಅಂದ್ಕೊಂಡಿದಾಳೆ. ಅಲ್ಲಿ ಎದ್ದು ಕೂತಿದಾಳೆ."

ಅವರು ಕೈ ಒಳಗೆ ಚಾಚಿ ಜಗಲಿ ದೀಪ ಹಾಕಿದರು. ಆಮೇಲೆ ಮೊಣಕಾಲ ಮೇಲೆ ಕೈ ಊರಿ, ನನ್ನ ಕಡೆ ನೋಡದೆ, ಮಕ್ಕಳ ಕಡೆಯೂ ನೋಡದೆ, ಟೇಪ್ ಪೆಟ್ಟಿಗೆಯ ಹತ್ತಿರ ಬಗ್ಗಿದರು. ಗುಂಡಿ ಒತ್ತಿದೆ. ಅಳು ಶುರುವಾಯಿತು. ನೀನು ಬಿಟ್ಟ ಜಾಗ ಬಂದಾಗ ಆ ಗಂಡಸಿನ ಕೂಗಿನ ಮೇಲೆಯೇ ಆರ್ಡ್‌ವೇ ಗಟ್ಟಿಯಾಗಿ, ರೈಲಿನಲ್ಲಿ ನಿಲ್ದಾಣದ ಹೆಸರು ಕೂಗುವ ಹಾಗೆ, "ಗೊತ್ತಿಲ್ಲಮ್ಮ. ಯಾಕೆ?" ಎಂದರು.

ನೋಲಾ ತಟ್ಟನೆ ಸುಮ್ಮನಾದಳು. ನಿನ್ನ ದನಿಗೆ ಯಾರೋ ಉತ್ತರ ಕೊಟ್ಟದ್ದು ಅವಳಿಗೆ ಆಶ್ಚರ್ಯವಾಯಿತೇನೋ. ಗಾಡಿಯಿಂದ ಬಾಗಿ, ಪೆಟ್ಟಿಗೆಯ ಹಿಂದೆ ಯಾರಿದ್ದಾರೆ ಎಂದು ನೋಡಿದಳು. ಆಮೇಲೆ ಕೈ ಎತ್ತಿ ಪೆಟ್ಟಿಗೆಯ ಮೇಲಿಟ್ಟಳು. ಲೈಲ್ ಅವಳ ಮುಖ ನೋಡಿ ಅಳುವುದೋ ಬಿಡುವುದೋ ಎಂದು ಲೆಕ್ಕ ಹಾಕುತ್ತಿದ್ದ.

ಆಮೇಲಿನ ಮನೆಗಳಿಗೆಲ್ಲ ನಾನು ಮುಂಚೆಯೇ ಹೇಳಿಕೊಟ್ಟೆ: ಪ್ರಶ್ನೆ ಆದಮೇಲೆ ಅವಳಿಗೆ ಉತ್ತರ ಕೊಡಿ, ಸುಮ್ಮನಿರಬೇಡಿ. ಆರನೇ ಮನೆಗೆ ಹೋಗುವಷ್ಟರಲ್ಲಿ ಬೀದಿಯ ಆ ಬದಿಯಲ್ಲಿ ಒಂದೊಂದೇ ಜಗಲಿ ದೀಪ ಹತ್ತತೊಡಗಿತು. ಮುದುಕ ಫೋನ್ ಮಾಡಿರಬೇಕು. ಕೇಳಿದರೆ ಇಲ್ಲ ಎನ್ನುತ್ತಾರೆ.

ಹದಿನೇಳು ಬಾಗಿಲು. ಹದಿನಾರು ತೆರೆದವು. ಬಂದದ್ದು: ಆಲೂಗಡ್ಡೆ ಒಂದು, ಉಪ್ಪು ಬಿಸ್ಕತ್ತು ಅರ್ಧ ಪೊಟ್ಟಣ, ಸೇಬು ಐದು, ಟಾರ್ಚಿನ ಬ್ಯಾಟರಿ ಎರಡು, ಕೆಮ್ಮಿನ ಮಾತ್ರೆಯ ಡಬ್ಬಿ, ಕೈಯಲ್ಲಿ ಹೆಣೆದ ಒಂದೇ ಒಂದು ಕಾಲುಚೀಲ (ಇನ್ನೊಂದು ಹೆಣೆದು ಕೊಡುತ್ತಾಳಂತೆ), ಆರ್ಡ್‌ವೇ ತಮಗೆಂದು ಬಚ್ಚಿಟ್ಟಿದ್ದ ಕಡಲೆಕಾಯಿ ಚಾಕಲೇಟು. ಎಲ್ಲ ಮನೆಯಲ್ಲೂ ನಿನ್ನ ಹೆಸರು ಕೇಳಿದರು. ಪೆಟ್ಟಿಗೆಗೆ ಬೈ ಎಂದು ಕೈ ಬೀಸಿದವರೂ ಇದ್ದರು.

ಈಗ ನಾನು ನಿನ್ನಿಂದ ಮುಚ್ಚಿಡಲಾರದ್ದು. ಹನ್ನೊಂದನೇ ಮನೆಯಿಂದ ಮುಂದೆ ಇಬ್ಬರೂ ಅಳಲೇ ಇಲ್ಲ. ಗುಂಡಿ ಟಕ್ ಎಂದರೆ ಲೈಲ್ ಕಾಲು ಝಾಡಿಸುತ್ತಾನೆ. ಅತ್ತಾಗ, ನಿನ್ನ ದನಿಯಿಂದ ಇವರಿಗೆ ನೋವಾಗುತ್ತಿದೆ ಎಂದು ಹೆದರಿದೆ. ಅಳು ನಿಂತಾಗ ಇನ್ನೂ ಹೆಚ್ಚು ಹೆದರಿದೆ. ನೀನು ಇವರಿಗೆ ಒಂದು ಪೆಟ್ಟಿಗೆಯಾಗಿಬಿಟ್ಟೆಯಾ ಎಂದು. ನನಗೆ ಗೊತ್ತಿಲ್ಲ. ಮಷೀನಾದರೆ ಬಿಚ್ಚಿ ನೋಡುತ್ತಿದ್ದೆ.

ಆ ಕೂಗು ಯಾವುದು ಎಂದು ಬರೆ. ನೀರಿನ ಲಾರಿ ಎಂದು ಮತ್ತೆ ಬರೆಯಬೇಡ.

ವರ್ಲಾ

*

ಮರಳುಗಾಡು
4 ನವೆಂಬರ್ 1990

ಶ್ರೀಮತಿ ಟಾಲೆಫ್ಸನ್ ಅವರಿಗೆ,

ನಿಮ್ಮ ಅಕ್ಟೋಬರ್ 17ರ ಪತ್ರ ನಿನ್ನೆ ಸಿಕ್ಕಿತು.

ಮೂವತ್ತೊಂದರ ರಾತ್ರಿ ನಾವು ನಾಲ್ವರು ಪೆಟ್ಟಿಗೆಗಳ ಮೇಲೆ ಕೂತಿದ್ದೆವು. ಮೂರಕ್ಕೆ ಸರಿಯಾಗಿ ನಾನು ಮೊದಲನೇ ಬಾಗಿಲು ಎಂದೆ. ತಮಾರಾ ಬಾಗಿಲು ತೆರೆದವಳ ಹಾಗೆ, ಯಾರು ಇದು, ಎಷ್ಟು ಮುದ್ದಾಗಿದ್ದಾರೆ ಎಂದಳು. ಹೀಗೆ ಇಪ್ಪತ್ತು ಬಾಗಿಲು ಮಾಡಿದೆವು, ಬೆಳಕಾಗುವ ತನಕ. ನಾನು ಸೇನೆಗೆ ಬಂದ ಮೇಲೆ ಅಷ್ಟು ನಕ್ಕಿರಲಿಲ್ಲ.

ನಿಮ್ಮ ಪತ್ರ ಓದಿದ ಮೇಲೆ ಗೊತ್ತಾಯಿತು, ಆ ಇಪ್ಪತ್ತನ್ನೂ ತಟ್ಟಿದವಳು ನಾನೊಬ್ಬಳೇ. ಇವರು ನಿಮ್ಮ ಮೊಮ್ಮಕ್ಕಳು ಎಂದು ಎಲ್ಲರಿಗೂ ಗೊತ್ತು ಎಂದಿದ್ದೀರಿ. ಹೌದು. ನಾನು ಸತ್ತರೂ ಅದು ಬದಲಾಗುವುದಿಲ್ಲ. ಮರೆತುಹೋಗುವುದು, ಅವರು ನನ್ನ ಮಕ್ಕಳು ಎಂಬುದು.

ಇನ್ನು ಕ್ಯಾಸೆಟ್ ಕಳಿಸುವುದಿಲ್ಲ. ತೊಂದರೆ ಕೊಟ್ಟೆ.

ರೆನೇ ಟಾಲೆಫ್ಸನ್

*

ಮರಳುಗಾಡು
19 ನವೆಂಬರ್ 1990

ಅತ್ತೆ,

ಅತ್ತರಾ? ಇಬ್ಬರೂ?

ನಿಮ್ಮ ಪತ್ರ ಲಾರಿಯ ಮೆಟ್ಟಿಲ ಮೇಲೆ ಕೂತು ಓದಿದೆ. ಸೆಪ್ಟೆಂಬರಿನಲ್ಲಿ ಅತ್ತ ಭಾಗಕ್ಕೆ ಬಂದು ಅಲ್ಲೇ ನಿಂತುಬಿಟ್ಟೆ. ತಮಾರಾ ಬಂದು, ಯಾರಾದ್ರೂ ಹೋದ್ರಾ ಎಂದು ಕೇಳಿದಳು. ಇಲ್ಲ, ನನ್ನ ಮಕ್ಕಳು ನಾನು ಹಾಡಿದ್ದು ಕೇಳಿ ಬೀದಿಗೆ ಕೇಳುವ ಹಾಗೆ ಅತ್ತಿದ್ದಾರೆ ಎಂದೆ. ಅವಳು ನನ್ನನ್ನು ಅಪ್ಪಿಕೊಂಡಳು. ಅವಳ ಮಗ ಎದ್ದು ಆಟಕ್ಕೆ ಹೋದನಲ್ಲ, ಅವಳಿಗೆ ಅರ್ಥವಾಯಿತು. ನಿಮಗೂ ಅರ್ಥವಾಗಲಿ: ಗುರುತಿಲ್ಲದವರ ದನಿಗೆ ಯಾರೂ ಹಾಗೆ ಅಳುವುದಿಲ್ಲ. ಗಮನವಿಟ್ಟು ಕೇಳಿದರು ಎಂದಿರಿ, ಅಷ್ಟಕ್ಕೇ ಒಂದೂವರೆ ತಿಂಗಳು ಬದುಕಿದೆ. ನಿಜ ಬರೆದಿದ್ದರೆ ಇನ್ನೂ ಚೆನ್ನಾಗಿ ಬದುಕುತ್ತಿದ್ದೆ.

ನಾಲ್ಕನೇ ತಾರೀಖಿನ ನನ್ನ ಪತ್ರ ಈ ಹೊತ್ತಿಗೆ ನಿಮ್ಮ ಕೈಯಲ್ಲಿರುತ್ತದೆ. ಅದನ್ನು ಹಳೆಯ ಬೆಲ್ಟುಗಳ ಜೊತೆ ಇಡಿ.

ಈಗ ನನ್ನ ದಾಸ್ತಾನು. ಲಾರಿಯಲ್ಲಿರುವುದು ನೀರಲ್ಲ, ಇಂಧನ. ಎಲ್ಲರಿಗಿಂತ ಹಿಂದೆ ಎಂಬುದು ಸೆಪ್ಟೆಂಬರಿನಲ್ಲಿ ನಿಜವಿತ್ತು. ಆ ಕೂಗು ವಿಷಗಾಳಿ ದಾಳಿಯ ತಾಲೀಮು, ಅದು ಬರೀ ತಾಲೀಮು ಎಂದು ಗೊತ್ತಾದದ್ದು ಆಮೇಲೆ. ಒಂಬತ್ತು ಸೆಕೆಂಡಿನಲ್ಲಿ ಮುಖವಾಡ ಹಾಕಬೇಕು. ನಾನು ಮೊದಲು ಜೋಕ್ ಮುಗಿಸಿದೆ. ಅದಕ್ಕೆ ಬೈಸಿಕೊಂಡೆ. ಹೊಸ ವರ್ಷದ ಹೊತ್ತಿಗೆ ನಮ್ಮನ್ನು ಉತ್ತರಕ್ಕೆ, ಗಡಿಯ ಹತ್ತಿರಕ್ಕೆ ಕಳಿಸುತ್ತಾರೆ ಎಂಬ ಮಾತಿದೆ. ಕರ್ಟಿಸ್‌ಗೆ ನಾನೇ ಬರೆಯುತ್ತೇನೆ, ನೀವು ಹೇಳಬೇಡಿ.

ಇನ್ನು ಮುಂದೆ ಇಬ್ಬರೂ ಇದ್ದದ್ದನ್ನೇ ಬರೆಯೋಣ. ನನಗೆ ಲೆಕ್ಕ ಬೇಕು. ಯಾರು ಎಷ್ಟು ಹೊತ್ತು ಅತ್ತರು, ಯಾರು ಮೊದಲು ನಿಲ್ಲಿಸಿದರು, ಈಗ ಏನು ಮಾಡುತ್ತಾರೆ. ನಿಮಗಿಂತ ಚೆನ್ನಾಗಿ ಲೆಕ್ಕ ಯಾರಿಡುತ್ತಾರೆ?

ರೆನೇ

*

ಡೆ ಮೊಯಿನ್
3 ಡಿಸೆಂಬರ್ 1990

ರೆನೇ ಮಗಳೇ,

ಕೇಳಿದ ಲೆಕ್ಕ. ಸೆಪ್ಟೆಂಬರ್: ನೋಲಾ ನಲವತ್ತು ನಿಮಿಷ, ಲೈಲ್ ನಲವತ್ತೈದು, ಅದರಲ್ಲಿ ಕೊನೆಯ ಐದು ಅವನಿಗೇ ಯಾಕೆಂದು ಮರೆತಿತ್ತು. ಮೂವತ್ತೊಂದನೇ ತಾರೀಖು: ಮೊದಲ ಹತ್ತು ಮನೆಗಳಲ್ಲಿ ಬಾಗಿಲು ತೆಗೆಯದ ಎರಡನೆಯದೊಂದನ್ನು ಬಿಟ್ಟು ಒಂಬತ್ತರಲ್ಲೂ ಲೈಲ್, ಮೂರರಲ್ಲಿ ನೋಲಾ. ಇದರಲ್ಲಿ ಅಂದಾಜಿನ ಅಂಕಿ ಇಲ್ಲ.

ನಿನ್ನ ಹಾಡಿನ ಕ್ಯಾಸೆಟ್ ಖಾನೆಯಿಂದ ಹೊರಗೆ ಬಂದಿದೆ. ದಿನಾ ಸಂಜೆ ಆರಕ್ಕೆ ಮೊದಲು ಜೋಕ್, ಆಮೇಲೆ ಹಾಡು. ಆರ್ಡ್‌ವೇ ಐದು ಐವತ್ತೈದಕ್ಕೇ ಟೋಪಿ ಹಾಕಿಕೊಂಡು ಬರುತ್ತಾರೆ. ಮುಂಚೆ ಕೇಳಿದ ಜೋಕ್‌ಗೆ ಆ ಮನುಷ್ಯ ಐದು ವರ್ಷದವರಿಂದಲೂ ಹೊಸದು ವಸೂಲು ಮಾಡುತ್ತಿದ್ದವರು. ಈಗ ದಿನಾ ಅದೇ ಜಾಗದಲ್ಲಿ, ಗೊತ್ತಿಲ್ಲಮ್ಮ, ಯಾಕೆ ಎನ್ನುತ್ತಾರೆ. ಲೈಲ್ ಅವರ ಬಾಯಿಯನ್ನು ನೋಡುತ್ತಾ ತಾನೂ ಬಾಯಿ ತೆರೆಯುತ್ತಾನೆ. ಆ ಕೂಗು ಬರುವಾಗ ನಾನು ಅಡುಗೆಮನೆಗೆ ಹೋಗಿರುತ್ತೇನೆ. ನಿಜ ಬರೆಯೋಣ ಎಂದೆಯಲ್ಲ, ಇದು ನಿಜ. ಕರ್ಟಿಸ್‌ಗೆ ನಾನು ಹೇಳಿಲ್ಲ. ಆದರೆ ಅವನು ಒಂದು ಬೆಳಿಗ್ಗೆ ಒಬ್ಬನೇ ಕೂತು ಕ್ಯಾಸೆಟ್ ಕೇಳಿದ. ಹಿಂದಕ್ಕೆ ಸುತ್ತಿ ಮತ್ತೆ ಕೇಳಿದ. ಬೇಗ ಬರೆ.

ಹೋದ ಗುರುವಾರ ಒಂದು ಸಂಗತಿ ಆಯಿತು. ನಿನ್ನ ಪ್ರಶ್ನೆ ಆದಮೇಲೆ, ಸರಿಯಾಗಿ ನೀನು ಬಿಟ್ಟ ಜಾಗದಲ್ಲಿ ಬ್ಯಾಟರಿ ಸತ್ತಿತು. ಆ ಕೂಗೂ ಬರಲಿಲ್ಲ, ನಿನ್ನ ಉತ್ತರವೂ ಬರಲಿಲ್ಲ. ಆರ್ಡ್‌ವೇ ಯಾಕೆ ಎಂದು ಕೇಳಿ ಕಾದರು. ನಾನೂ ಕೈಯಲ್ಲಿ ಸೌಟು ಹಿಡಿದು ಬಂದು ಕಾದೆ. ಮಕ್ಕಳಿಬ್ಬರೂ ಪೆಟ್ಟಿಗೆಯನ್ನು ನೋಡುತ್ತಾರೆ ಎಂದುಕೊಂಡೆ. ಪೆಟ್ಟಿಗೆಯನ್ನು ನೋಡಲಿಲ್ಲ. ನೋಲಾ ಕತ್ತು ತಿರುಗಿಸಿ ಬೀದಿಯ ಬಾಗಿಲನ್ನು ನೋಡಿದಳು. ಅವಳನ್ನು ನೋಡಿ ಲೈಲ್ ಕೂಡ. ಅಳಲಿಲ್ಲ. ಬಾಗಿಲನ್ನೇ ನೋಡುತ್ತಾ ಕೂತರು. ನಾನು ಕಪಾಟು ತಡಕಿ, ಹ್ಯಾಲೋವೀನ್‌ನಲ್ಲಿ ಬಂದ ಆ ಎರಡು ಬ್ಯಾಟರಿ ಹುಡುಕಿ ತರುವ ತನಕ ಇಬ್ಬರೂ ಕಣ್ಣು ಕದಲಿಸಲಿಲ್ಲ.

ನೀನು ಪೆಟ್ಟಿಗೆಯಾಗಿಲ್ಲ. ಇದನ್ನು ಬಿಚ್ಚಿ ನೋಡಿಯೇ ಹೇಳುತ್ತಿದ್ದೇನೆ.

ಆದ್ದರಿಂದ ನಲವತ್ತೆರಡನೇ ಸೂಚನೆ, ಇದು ನನ್ನದು. ನೀನು ಬರುವ ದಿನ ಯಾವ ತಾರೀಖಾದರೂ ಆಗಲಿ, ಜಗಲಿ ದೀಪ ಹತ್ತಿರುತ್ತದೆ. ಕೀಲಿಕೈ ನಿನ್ನ ಹತ್ತಿರವಿದೆ, ಗೊತ್ತು. ಹಾಕಿ ತಿರುಗಿಸಬೇಡ. ತಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತಿರು. ಒಬ್ಬೊಬ್ಬರನ್ನು ಒಂದೊಂದು ಸೊಂಟದ ಮೇಲೆ ಎತ್ತಿಕೊಂಡು ಬಂದು ಅವರ ಕೈಯಿಂದಲೇ ಬಾಗಿಲು ತೆಗೆಸುತ್ತೇನೆ.

ಗೋಡೆ ದಾಟಿ ಮಾತ್ರ ಬರಬೇಡ ರೆನೇ. ತಟ್ಟು.

ವರ್ಲಾ